ಹಗ್ಗದ ತುದಿಯಲ್ಲಿ ಸರಸ ಟೀಚರ್

ಮಳೆಗಾಲದ ಆಟಿ ತಿಂಗಳು ಬಂತೆಂದರೆ ಲಾಯಿಲದ ಸರಸ ಟೀಚರಿಗೆ ಮೈಯೆಲ್ಲ ಉರಿ. ಕೆಸರುಗದ್ದೆ ಕ್ರೀಡಾಕೂಟದ ಹಗ್ಗಜಗ್ಗಾಟಕ್ಕೆ ಹೆಂಗಸರ ತಂಡ ಕಟ್ಟುವವರು ಮೊದಲು ಬಂದು ನಿಲ್ಲುವುದೇ ಅವರ ಅಂಗಳದಲ್ಲಿ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು ಎಂದಲ್ಲ. ಊರಿನಲ್ಲಿ ಅವರಷ್ಟು ದಪ್ಪ ಇನ್ನೊಬ್ಬರಿಲ್ಲ ಎಂದು. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿ ಕೊನೆಯಲ್ಲಿ ನಿಲ್ಲಿಸಿದರೆ ಮುಗಿಯಿತು. ಸೋತರೆ ಮಾತ್ರ, "ಟೀಚರ್ ಇದ್ದೂ ಸೋತೆವಲ್ಲ" ಎಂಬ ಮಾತು ಮನೆಯ ತನಕ ಹಿಂಬಾಲಿಸುತ್ತದೆ. ತನಗೂ ಒಂದು ತಲೆ ಉಂಟು ಎಂದು ಇವರೆಲ್ಲ ಒಮ್ಮೆಯಾದರೂ ಒಪ್ಪಲಿ ಎಂಬುದೊಂದೇ ಅವರ ಆಸೆ.

ಈ ವರ್ಷವೂ ಅದೇ ಹಾಡು. ಕಲ್ಲಡ್ಕದ ತಂಡದ ಎದುರು ಮೊದಲ ಸುತ್ತಿನಲ್ಲಿ ನಮ್ಮವರು ಹೋ ಎಂದು ಕೂಗಿ, ರಟ್ಟೆ ಬೀಳುವಷ್ಟು ಎಳೆದು, ಒಬ್ಬರ ಮೇಲೊಬ್ಬರು ಕೆಸರಿಗೆ ಬಿದ್ದರು.

"ಟೀಚರೇ, ಸ್ವಲ್ಪ ಗಟ್ಟಿ ನಿಲ್ಲಬಾರದಾ?" ಎಂದಳು ತಂಡದ ನಾಯಕಿ, ಫ್ಯಾನ್ಸಿ ಅಂಗಡಿಯ ಕಮಲಾವತಿ.

ಟೀಚರ ಪಿತ್ತ ನೆತ್ತಿಗೇರಿತು. ಸೊಂಟದ ಹಗ್ಗ ಬಿಚ್ಚಿ ಬದುವಿನ ಮೇಲೆ ಕುಳಿತೇಬಿಟ್ಟರು.

"ನಾನು ಹೇಳಿದ ಹಾಗೆ ನಿಲ್ಲುವುದಾದರೆ ಬರ್ತೇನೆ. ಇಲ್ಲದಿದ್ರೆ ನೀವೇ ಎಳ್ಕೊಳ್ಳಿ. ಹಗ್ಗ ಎರಡೂ ಕಡೆಯವರನ್ನು ಒಂದೇ ಸಮ ಎಳೆಯುವುದು ಮಾರಾಯ್ತಿ. ಗೆಲ್ಲಿಸುವುದು ಕಾಲು. ಹಿಮ್ಮಡಿಯಲ್ಲಿ ನೆಲವನ್ನು ಮುಂದಕ್ಕೆ ಒತ್ತಿ, ನೆಲ ನಿಮ್ಮನ್ನು ಅಷ್ಟೇ ಬಲದಲ್ಲಿ ಹಿಂದಕ್ಕೆ ಒತ್ತುತ್ತದೆ. ಕಾಲು ಹೂತು, ಹಿಂದಕ್ಕೆ ವಾಲಿ, ಬಾಯಿ ಮುಚ್ಚಿ ನಿಲ್ಲಿ."

"ಗದ್ದೆಯಲ್ಲೂ ಕ್ಲಾಸಾ?" ಎಂದು ಯಾರೋ ಗೊಣಗಿದರು. ಆದರೆ ಬೇರೆ ಗತಿ ಇರಲಿಲ್ಲ, ಹೇಳಿದಂತೆಯೇ ನಿಂತರು.

ಆಚೆಯವರು ಜಗ್ಗಿದರು, ಕೂಗಿದರು, ಮತ್ತೆ ಜಗ್ಗಿದರು. ಈಚೆ ಒಂದು ಹಿಮ್ಮಡಿಯೂ ಅಲುಗಲಿಲ್ಲ. ದಣಿದ ಕಲ್ಲಡ್ಕದವರ ಕಾಲು ಜಾರತೊಡಗಿದಾಗ ಇವರು ಒಂದೊಂದೇ ಹೆಜ್ಜೆ ಹಿಂದಿಟ್ಟರು, ಅಷ್ಟೆ. ಎರಡನೆಯ ಸುತ್ತು ಇವರದ್ದಾಯಿತು, ಮೂರನೆಯದೂ ಆಯಿತು. ಬಹುಮಾನದ ಬಾಳೆಗೊನೆ ಕೈಗೆ ಬಂತು. ಈಗಲಾದರೂ ಒಂದು ಮಾತು ಹೇಳಿಯಾರು ಎಂದು ಟೀಚರ್ ಕೆಸರು ಮುಖದಲ್ಲೇ ಕಾದು ನಿಂತರು.

ಕಮಲಾವತಿ ಓಡಿ ಬಂದು ತಬ್ಬಿಕೊಂಡಳು. "ನಾವು ಎಳೆಯಲೇ ಇಲ್ಲ ಟೀಚರೇ, ಸುಮ್ಮನೆ ನಿಂತದ್ದು. ಗೆದ್ದದ್ದೆಲ್ಲ ನಿಮ್ಮ ಭಾರದಿಂದಲೇ."

ಸೋತಾಗಲೂ ಟೀಚರಿಗೆ ಇಷ್ಟು ಸಂಕಟವಾಗಿರಲಿಲ್ಲ. "ಬರುವ ವರ್ಷ ನನ್ನನ್ನು ಕರೀಬೇಡಿ" ಎಂದರು. "ಭಾರಕ್ಕೆ ಹಗ್ಗದ ತುದಿಗೆ ಒಂದು ಅಕ್ಕಿಮುಡಿ ಕಟ್ಟಿಕೊಳ್ಳಿ."

ಕಮಲಾವತಿ ನಗಲಿಲ್ಲ. ಟೀಚರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಜವಾಗಿಯೂ ಲೆಕ್ಕ ಹಾಕಿದಳು.

"ಒಂದು ಸಾಕಾಗ್ಲಿಕ್ಕಿಲ್ಲ ಟೀಚರೇ. ಎರಡು ಬೇಕಾದೀತು."