ಸಂತೆಯಲ್ಲಿ ಕೊಂಡ ವಾಲ್ವು

ರೂಪಾ, ಆ ಕುಕ್ಕರ್ ಸಿಡಿದದ್ದು ನಿನ್ನಿಂದಲ್ಲ, ನನ್ನಿಂದ. ಅದರ ಮುಚ್ಚಳಕ್ಕೆ ಕಳಪೆ ವಾಲ್ವು ಹಾಕಿದವಳು ನಾನು. ನೀನು ಸುಟ್ಟ ಮೈಯಲ್ಲಿ ಅಂಗಳದಲ್ಲಿ ನರಳುತ್ತಿದ್ದಾಗ ಬೀದಿಗೆಲ್ಲ ಕೇಳುವಂತೆ ತಪ್ಪನ್ನು ನಿನ್ನ ತಲೆಗೆ ಕಟ್ಟಿದವಳೂ ನಾನೇ. ಇದನ್ನು ನಿನಗೆ ಬಾಯಲ್ಲಿ ಹೇಳಿಯಾಗಿದೆ. ಈಗ ಬರೆಯುತ್ತಿದ್ದೇನೆ — ಯಾಕೆಂದರೆ ಬಾಯಲ್ಲಿ ಹೇಳಿದ್ದನ್ನು ನಮ್ಮ ಮನೆಯವರು ನಂಬುತ್ತಿಲ್ಲ. ನಂಬುವ ಮನಸ್ಸೂ ಅವರಿಗಿಲ್ಲ.

ನಾನು ಎಂಥವಳಾಗಿದ್ದೆ ಅನ್ನುವುದು ನಿನಗೆ ಗೊತ್ತು. ಇದನ್ನು ಓದುವ ಬೇರೆಯವರಿಗೂ ಗೊತ್ತಾಗಲಿ. ಮದ್ದೂರಿನ ತುಂಬಿದ ಮನೆಗೆ ನಾನು ಹಿರಿಸೊಸೆ. ಮನೆಗೆ ಬೇಕಾದ ಸಾಮಾನೆಲ್ಲ ನನ್ನ ಕೈಯಿಂದಲೇ ಬರಬೇಕು. ಸುಗ್ಗಿ ಮುಗಿದ ಮೇಲೆ ವರ್ಷಕ್ಕಾಗುವಷ್ಟು ತೊಗರಿ, ಹುಣಸೆಹಣ್ಣು, ಒಣಮೆಣಸಿನಕಾಯಿ. ಸೋಪು, ಎಣ್ಣೆ ಮಂಡ್ಯದ ಹೋಲ್‌ಸೇಲಿನವನ ಹತ್ತಿರ. ಸಂತೆಗೆ ಹೋದರೆ ಹೊತ್ತು ಇಳಿದ ಮೇಲೆಯೇ ಹೋಗುತ್ತಿದ್ದೆ — ಆಗ ಮಾರುವವರಿಗೆ ಬಸ್ಸಿನ ಅವಸರ, ಸೊಪ್ಪು ಬಾಡುವ ಭಯ, ಕೇಳಿದ ರೇಟಿಗೆ ಕೊಟ್ಟುಬಿಡುತ್ತಾರೆ. ಅವರ ಆ ಅವಸರವನ್ನು ನಾನು ನನ್ನ ಜಾಣತನ ಅಂದುಕೊಂಡಿದ್ದೆ. ಅತ್ತೆಯಂತೂ ಬಂದವರ ಮುಂದೆಲ್ಲ, "ನಮ್ ರತ್ನ ಓದ್ರೆ ಇಡೀ ಸಂತೇನೇ ಅರ್ಧ ರೇಟ್ಗೆ ಒತ್ಕಬತ್ತಾಳೆ" ಅನ್ನುತ್ತಿದ್ದರು. ಆ ಹೊಗಳಿಕೆ ನನಗೆ ಊಟದಷ್ಟೇ ಬೇಕಾಗಿತ್ತು.

ಅಂಥ ಮನೆಗೆ ನೀನು ಕೊಪ್ಪದಿಂದ ನನ್ನ ಮೈದುನ ರಮೇಶನ ಹೆಂಡತಿಯಾಗಿ ಬಂದೆ. ಹೊಸತರಲ್ಲಿ ಒಂದು ದಿನ ಬಾಗಿಲಿಗೆ ಬಂದ ಮುದುಕಿಯ ಹತ್ತಿರ ಪೊರಕೆ ಕೊಂಡೆ, ಅವಳು ಹೇಳಿದ ರೇಟಿಗೇ, ಒಂದು ಮಾತೂ ಎದುರಾಡದೆ. ನಾನು ರೇಗಿದೆ. ನೀನು ಮೆಲ್ಲಗೆ ಅಂದೆ: "ಬಿಸ್ಲಲ್ಲಿ ಒತ್ಕಂಡು ಬಂದದೆ ಪಾಪ, ಬುಡಿ ಅಕ್ಕ." ರಮೇಶ ನಕ್ಕ. ಅತ್ತೆಯೂ ನಕ್ಕರು. ನಡೆದದ್ದು ಅಷ್ಟೇ. ಆದರೆ ಅವತ್ತಿನಿಂದ — ಹೇಗೆ ಹೇಳಲಿ — ನೀನು ಏನು ಕೊಂಡು ತಂದರೂ ಅದು ನನ್ನನ್ನು ಹಂಗಿಸಿದ ಹಾಗೆ ಕಾಣುತ್ತಿತ್ತು.

ನಮ್ಮ ದೊಡ್ಡ ಕುಕ್ಕರಿನ ಸೇಫ್ಟಿ ವಾಲ್ವು ಕೆಟ್ಟದ್ದು ಆ ವರ್ಷವೇ. ಮದ್ದೂರಿನ ರಿಪೇರಿ ಅಂಗಡಿಗೆ ಮುಚ್ಚಳ ತೆಗೆದುಕೊಂಡು ಹೋದೆ. ಅವನು ಕಂಪನಿಯ ವಾಲ್ವನ್ನೇ ಹಾಕಿಸಿ ಅಂದ. ವಿಶಲ್ಲಿನ ದಾರಿ ಕಟ್ಟಿಕೊಂಡು ಒಳಗೆ ಆವಿ ಹೆಚ್ಚಾದರೆ ಈ ವಾಲ್ವು ಕರಗಿ ಆವಿಯನ್ನು ಹೊರಗೆ ಬಿಡುತ್ತದೆ, ಇದು ಸರಿಯಿಲ್ಲದಿದ್ದರೆ ಕುಕ್ಕರೇ ಸಿಡಿಯುತ್ತದೆ ಅಂತ ಬಿಡಿಸಿಯೂ ಹೇಳಿದ. ರೇಟು ಕೇಳಿ ನನಗೆ ಮೈಯೆಲ್ಲ ಉರಿಯಿತು. ಇಷ್ಟುದ್ದದ ಲೋಹದ ಚೂರಿಗೆ ಇಷ್ಟಾ? ಇವನು ನನ್ನನ್ನು ಯಾರು ಅಂದುಕೊಂಡಿದ್ದಾನೆ? ಮುಚ್ಚಳ ಎತ್ತಿಕೊಂಡು ಎದ್ದು ಬಂದೆ.

ಮುಂದಿನ ವಾರ ತವರಿಗೆ ಹೋಗಿದ್ದಾಗ ಮಳವಳ್ಳಿ ಸಂತೆಯಲ್ಲಿ ನೆಲದ ಮೇಲೆ ಟಾರ್ಪಾಲು ಹಾಸಿ ಕುಕ್ಕರಿನ ರಬ್ಬರು, ಸ್ಟೌವಿನ ಬತ್ತಿ, ಬೀಗ, ಚಿಲಕ ಎಲ್ಲ ಗುಡ್ಡೆ ಹಾಕಿಕೊಂಡು ಒಬ್ಬ ಕೂತಿದ್ದ. ಯಾವುದು ಆರಿಸಿಕೊಂಡರೂ ಒಂದೇ ರೇಟು. ಆ ಗುಡ್ಡೆಯಲ್ಲಿ ನಮ್ಮದರಂಥದ್ದೇ ವಾಲ್ವು ಸಿಕ್ಕಿತು. ಕಂಪನಿಯ ಹೆಸರಿರಲಿಲ್ಲ, ಗುರುತಿರಲಿಲ್ಲ. ಅದಕ್ಕೂ ಚೌಕಾಸಿ ಮಾಡಿದೆ. ಮನೆಗೆ ಬಂದು ಇಕ್ಕಳದಲ್ಲಿ ನಾನೇ ತಿರುಗಿಸಿ ಕೂರಿಸಿದೆ. "ರಿಪೇರಿ ಅಂಗಡೀಲೇ ಹಾಕಿಸ್ದೆ, ಜಗಳ ಆಡಿ ಅರ್ಧಕ್ಕೆ ಇಳಿಸ್ದೆ" ಅಂತ ಎಲ್ಲರಿಗೂ ಹೇಳಿದೆ. ನನಗೆ ಗೊತ್ತಿತ್ತು, ರೂಪಾ. ಅದು ಏನು ಮಾಡಬಲ್ಲದು ಅನ್ನುವುದು ಗೊತ್ತಿದ್ದೇ ಹಾಕಿದೆ. ಏನೂ ಆಗುವುದಿಲ್ಲ ಅಂದುಕೊಂಡೆ, ಅಷ್ಟೇ. ಕಡಿಮೆಗೆ ಕೊಂಡವರೆಲ್ಲ ಅಂದುಕೊಳ್ಳುವುದು ಅದನ್ನೇ.

ಆ ಬೆಳಿಗ್ಗೆ ಬೇಳೆಗೆ ಇಟ್ಟವಳು ನೀನು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಗೋಡೆ ಬಿದ್ದಂಥ ಸದ್ದು, ಅದರ ಹಿಂದೆಯೇ ನಿನ್ನ ಕೂಗು. ಓಡಿ ಬಂದಾಗ ಅಡುಗೆಮನೆಯ ಸೂರಿಗೆಲ್ಲ ಬೇಳೆ ಮೆತ್ತಿತ್ತು, ಮುಚ್ಚಳ ಕಿಟಕಿಯ ಸರಳಿಗೆ ಬಡಿದು ಬಿದ್ದಿತ್ತು. ನೀನು ಬಲಗೈಯನ್ನು ಮುಂದಕ್ಕೆ ಚಾಚಿಕೊಂಡು — ನಿನ್ನದೇ ಕೈಯನ್ನು ನೋಡಲು ಹೆದರಿದವಳ ಹಾಗೆ — ಅಂಗಳಕ್ಕೆ ಬಂದು ಕುಸಿದೆ. ಕಿವಿಯ ಕೆಳಗೆ, ಕತ್ತಿನ ಮೇಲೆ ಚರ್ಮ ಎದ್ದುಹೋಗಿತ್ತು. ಅಕ್ಕಪಕ್ಕದವರು ಓಡಿಬಂದರು. ಅತ್ತೆ ಎದೆ ಬಡಿದುಕೊಂಡು, "ಏನಾಯ್ತೇ, ಎಂಗಾಯ್ತೇ?" ಅಂದರು. ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಮನೆಯ ಸಾಮಾನೆಲ್ಲ ನಾನು ತಂದದ್ದಲ್ಲವೇ?

ಆಗ ನಾನು ಅಂದದ್ದು ಇದು: "ವಿಶಲ್ ತೂತು ನೋಡಿ ಮಡಗು ಅಂತ ಎಷ್ಟ್ ಸಲ ಬಡ್ಕಂಡಿವ್ನಿ! ಕೇಳುದ್ರೆ ತಾನೆ! ಇವ್ಳಿಗೆ ಒಂದು ಕುಕ್ಕರ್ ಮಡ್ಗಾಕೂ ಬರಾಕಿಲ್ಲ."

ಒಂದು ಸಲವೂ ಹಾಗೆ ಹೇಳಿರಲಿಲ್ಲ. ಒಂದೇ ಒಂದು ಸಲವೂ ಇಲ್ಲ. ನೀನು ಆ ನೋವಿನಲ್ಲೂ ತಲೆಯೆತ್ತಿ ನನ್ನನ್ನು ನೋಡಿದೆ, ನೆನಪು ಮಾಡಿಕೊಳ್ಳುವವಳ ಹಾಗೆ. ಅಕ್ಕ ಹೇಳಿದ್ದರೇನೋ, ನಾನೇ ಮರೆತೆನೇನೋ ಅಂತ.

ನಿನ್ನನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ನಾನು ಮುಚ್ಚಳ ಎತ್ತಿ ನೋಡಿದೆ. ವಿಶಲ್ಲಿನ ತೂತಿಗೆ ಬೇಳೆಯ ಸಿಪ್ಪೆ ಕಟ್ಟಿತ್ತು, ನಿಜ. ಯಾರ ಮನೆಯಲ್ಲಿ ಕಟ್ಟುವುದಿಲ್ಲ? ಅಂಥ ಹೊತ್ತಿಗೆಂದೇ ತಾನೆ ಆ ವಾಲ್ವು ಇರುವುದು? ಸಂತೆಯ ವಾಲ್ವು ಮೊಳೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಕರಗಬೇಕಾದದ್ದು ಕರಗಿರಲಿಲ್ಲ. ಬೇರೆ ಯಾರಾದರೂ ಅದನ್ನು ನೋಡುವ ಮುಂಚೆ ಕುಕ್ಕರನ್ನೂ ಮುಚ್ಚಳವನ್ನೂ ಗುಜರಿಯವನಿಗೆ ಹಾಕಿದೆ. ಬದಲಿಗೆ ಒಂದು ಪ್ಲಾಸ್ಟಿಕ್ ಬಕೆಟ್ಟು ಕೊಟ್ಟ. ಚಿಕ್ಕದಾಯಿತು, ದೊಡ್ಡದು ಕೊಡು ಅಂತ ಅವನ ಹತ್ತಿರವೂ ಜಗಳ ಆಡಿದೆ. ನೀನು ಆಸ್ಪತ್ರೆಯ ಮಂಚದ ಮೇಲಿದ್ದೆ. ನಾನು ಬಾಗಿಲಲ್ಲಿ ನಿಂತು ಬಕೆಟ್ಟಿನ ಅಳತೆಗೆ ಜಗಳ ಆಡುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ನಿನ್ನ ಅವ್ವ ಪುಟ್ಟತಾಯಮ್ಮ ಕೊಪ್ಪದಿಂದ ಒಂದು ಹೊಸ ಕುಕ್ಕರ್ ಹೊತ್ತುಕೊಂಡು ಬಂದರು. ದೊಡ್ಡ ಅಂಗಡಿಯದ್ದು, ಕಂಪನಿ ಮಾಲು. ಅದನ್ನು ನನ್ನ ಮುಂದೆ ಇಟ್ಟು, "ನನ್ ಮಗ್ಳಿಂದ ನಿಮ್ಮನೆ ಸಾಮಾನು ಆಳಾಯ್ತು ಕಣವ್ವ, ತಪ್ಪು ತಿಳ್ಕಬ್ಯಾಡ" ಅಂದರು. ನಾನು ಏನು ಮಾಡಿದೆ ಗೊತ್ತೆ? ಡಬ್ಬ ಬಿಚ್ಚಿ ಗ್ಯಾರಂಟಿ ಚೀಟಿ ಇದೆಯಾ ಅಂತ ನೋಡಿದೆ. ಆಮೇಲೆ, "ಎಣ್ಮಕ್ಳಿಗೆ ಅಡ್ಗೆ ಕಲಿಸಿ ಕಳಿಸ್ಬೇಕು ಕಣಮ್ಮ" ಅಂದೆ. ಹಾಗೆ ಅಂದೆ, ರೂಪಾ. ಆ ತಾಯಿಗೆ ಅಂದೆ.

ಆ ಕುಕ್ಕರ್ ಎಷ್ಟೋ ವರ್ಷ ಬಾಳಿತು. ಅದು ಕೂಗಿದಾಗಲೆಲ್ಲ ನೀನು ಅಡುಗೆಮನೆಯಿಂದ ಎದ್ದು ಹೊರಗೆ ಹೋಗುತ್ತಿದ್ದೆ. ಶಿಶುವಿಹಾರದಲ್ಲಿ ಮಕ್ಕಳಿಗೆ ಕಲಿಸಲು ಕರೆದಿದ್ದವರಿಗೆ, ಕತ್ತಿನ ಕಲೆ ನೋಡಿ ಮಕ್ಕಳು ಹೆದರುತ್ತವೆ ಅಂತ ನೀನೇ ಬರುವುದಿಲ್ಲ ಅಂದುಬಿಟ್ಟೆ. ಕೊನೆಗೆ ರಮೇಶ ನಿನ್ನನ್ನು ಕರೆದುಕೊಂಡು ಮಂಡ್ಯದಲ್ಲಿ ಬಾಡಿಗೆ ಮನೆ ಮಾಡಿದ. ಅದಕ್ಕೂ ನಿನ್ನನ್ನೇ ಅಂದರು: ಕುಕ್ಕರೂ ಒಡೆದಳು, ಮನೆಯೂ ಒಡೆದಳು. ಈ ಮಾತಿಗೆ ನಗದವರು ನಮ್ಮ ನೆಂಟರಲ್ಲಿ ಯಾರಾದರೂ ಇದ್ದಾರಾ?

ಹೋದ ತಿಂಗಳು ನಿನ್ನ ಮಗಳು ಸಿಂಚನಳನ್ನು ನೋಡಲು ಗಂಡಿನ ಕಡೆಯವರು ಮಂಡ್ಯದ ನಿಮ್ಮ ಮನೆಗೆ ಬಂದಿದ್ದರು; ನಾವೂ ಹೋಗಿದ್ದೆವು. ಮಾತು ಕೂಡಿ ಬಂತು, ನಿಶ್ಚಯದ ದಿನವೂ ಗೊತ್ತಾಯಿತು. ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅತ್ತೆ ಶುರು ಮಾಡಿದರು: "ನಮ್ ಮೊಮ್ಮಗ್ಳು ಅಡ್ಗೇಲಿ ಉಸಾರು ಕಣಪ್ಪ. ಅವ್ರವ್ವನಂಗೆ ಕುಕ್ಕರ್ ಸಿಡ್ಸಾಕಿಲ್ಲ." ಗಂಡಿನ ಕಡೆಯವರು ನಕ್ಕರು. ನಮ್ಮ ಯಜಮಾನರು ನಕ್ಕರು. ಸಿಂಚನ ತಲೆ ತಗ್ಗಿಸಿದಳು. ನೀನು — ನೀನು ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡು ಎಲ್ಲರ ಜೊತೆ ನಕ್ಕೆ. ನಿನ್ನ ಆ ನಗುವನ್ನು ನೋಡಿ ನನಗೆ ಮೈ ಹತ್ತಿ ಉರಿಯಿತು. ಇದೇನು ಅನ್ಯಾಯ, ಸುಟ್ಟುಕೊಂಡವಳೇ ನಗಬೇಕಾ? ಇನ್ನು ಆ ಹುಡುಗಿಯ ಅತ್ತೆಮನೆಯಲ್ಲೂ ಈ ಕತೆ ನಡೆಯಬೇಕಾ?

ಅವರು ಹೋದ ಮೇಲೆ ಹಿಂದಿನ ವರಾಂಡದಲ್ಲಿ ಲೋಟ ತೊಳೆಯುತ್ತಿದ್ದ ನಿನ್ನ ಪಕ್ಕ ಕೂತು ಎಲ್ಲ ಹೇಳಿದೆ. ಅಳುತ್ತೀಯ ಅಂದುಕೊಂಡಿದ್ದೆ. ಒಂದು ಹನಿಯೂ ಬರಲಿಲ್ಲ.

"ನಾನೇ ಮಾಡ್ದೆ ಅಂತ್ಲೇ ನಂಬ್ಕಂಡಿದ್ದೆ ಕಣಕ್ಕ" ಅಂದೆ ನೀನು. "ನೀವು ಮುಂಚೆ ಯೋಳಿದ್ರಿ, ನಾನೇ ಕೇಳ್ನಿಲ್ಲ ಅಂತ. ಮಗೀಗೆ ಆಲು ಬಿಸಿ ಮಾಡಾಕೂ ಇವ್ರನ್ನೇ ಕರೀತಿದ್ದೆ."

ನಾನು ನಿನ್ನ ಕೈ ಹಿಡಿಯಲು ಬಂದೆ. ನೀನು ಹಿಂದಕ್ಕೆ ಎಳೆದುಕೊಂಡೆ.

"ನಂಗೊಬ್ಳಿಗೆ ಗುಟ್ಟಾಗಿ ಯೋಳ್ಬುಟ್ಟು ಅಗುರ ಆಗ್ಬ್ಯಾಡಿ. ಅವತ್ತು ಎಲ್ರ ಮುಂದೆ ಅಂದ್ರಲ್ಲ? ಈಗ್ಲೂ ಎಲ್ರ ಮುಂದೆ ಅನ್ನಿ."

ನೀನು ಕೇಳಿದ್ದು ನ್ಯಾಯ. ಅದೇ ಸಂಜೆ ಮದ್ದೂರಿಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. "ಆಗಿದ್ ಆಗೋಯ್ತು, ಈಗ್ಯಾಕೆ ಕೆದುಕ್ತೀಯೆ?" ಅಂದು ಟೀವಿಯ ಸೌಂಡು ಜಾಸ್ತಿ ಮಾಡಿದರು. ಅತ್ತೆಗೆ ಹೇಳಿದೆ. ಅವರು ನನ್ನ ತಲೆ ಸವರಿ, "ಮದುವೆ ಮನೇಲಿ ಅವ್ಳ ಮಾನ ಉಳೀಲಿ ಅಂತ ತಪ್ಪು ನಿನ್ ಮ್ಯಾಲೆ ಆಕ್ಕಂತಿದ್ದೀಯಾ. ದೊಡ್ ಮನ್ಸು ಕಣವ್ವ ನಿಂದು" ಅಂದರು. ಮಾರನೆಯ ದಿನ ಬೀದಿಯವರಿಗೆಲ್ಲ ನನ್ನ ದೊಡ್ಡ ಮನಸ್ಸಿನ ಸುದ್ದಿ ಮುಟ್ಟಿತ್ತು! ನಾದಿನಿ ಫೋನು ಮಾಡಿ ಹೊಗಳಿದಳು. ನಾನು ಕಿರುಚಿದೆ — ಸುಳ್ಳಲ್ಲ ಕಣ್ರೇ, ನಾನೇ ಹಾಕಿದ್ದು, ಮಳವಳ್ಳಿ ಸಂತೆಯಲ್ಲಿ ಕೊಂಡದ್ದು! "ಆಯ್ತು ಬುಡಿ ಅತ್ಗೆ" ಅಂತ ನಕ್ಕಳು.

ಎಂಥ ಜನ ನಾವು? ಅವತ್ತು ನಾನು ಅಂದ ಒಂದು ಸುಳ್ಳನ್ನು ಒಬ್ಬರೂ ಪ್ರಶ್ನೆ ಮಾಡಲಿಲ್ಲ. ಕುಕ್ಕರ್ ಯಾಕೆ ಸಿಡಿಯಿತು ಅಂತ ಯಾರೂ ಮುಚ್ಚಳ ಎತ್ತಿ ನೋಡಲಿಲ್ಲ. ಹೊಸ ಸೊಸೆಯ ತಪ್ಪು ಅಂದರೆ ಸಾಕು, ಬಾಯಿ ಚಪ್ಪರಿಸಿ ನಂಬಿದರು. ಈಗ ನಿಜವನ್ನು ನಂಬಿಸಲು ನನಗೆ ಪುರಾವೆ ಬೇಕು. ಪುರಾವೆಯನ್ನು ನಾನೇ ಗುಜರಿಗೆ ಹಾಕಿದ್ದೇನಲ್ಲ. ಅವರ ಮೇಲೆ ಇಷ್ಟು ಸಿಟ್ಟು ಬರುತ್ತದೆ; ಆದರೆ ಆ ಸುಳ್ಳನ್ನು ಅವರ ಬಾಯಿಗೆ ತುತ್ತು ಮಾಡಿ ಇಟ್ಟವಳು ಯಾರು? ಅವರನ್ನು ಬೈದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನಿನ್ನೆ ಕೊಪ್ಪಕ್ಕೆ ಹೋಗಿದ್ದೆ. ನಿನ್ನ ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಿಂತುಕೊಂಡೇ ಹೇಳಿದೆ, ಒಂದನ್ನೂ ಬಿಡದೆ. ಅವರು ನಂಬಿದರು. ತಕ್ಷಣ ನಂಬಿದರು. ಮೊರವನ್ನು ಪಕ್ಕಕ್ಕೆ ಸರಿಸಿದರು.

"ಆಸ್ಪತ್ರೇಲಿ ಮಲ್ಗಿದ್ ಮಗೀಗೆ ಬೋದೆ ಕಣೇ ನಾನು" ಅಂದರು. "ಬ್ಯಾಂಡೇಜು ಕಟ್ಟಿದ್ದ ಮಗೀಗೆ. ನನ್ ಮಾನ ಕಳುದ್ಯಲ್ಲೇ ಅಂತ ಬೋದೆ. ಅದೂ ಸುಮ್ಕೆ ಅನ್ನಿಸ್ಕತ್ತು. ಅದ್ಕೇನ್ ಕೊಡ್ತೀಯೇ ನೀನು?"

ಕೂತುಕೋ ಅನ್ನಲಿಲ್ಲ, ನೀರು ಕೊಡಲಿಲ್ಲ. ತಿರುಗಿ ಹೊರಟವಳನ್ನು ಅವರೇ ಕೂಗಿದರು.

"ನಿಸ್ಚಯದ ದಿನ ಬಾ. ಸಾಸ್ತ್ರ ಮುಗುದ್ಮೇಲೆ ಎಲ್ರೂ ಕೂತಿರ್ವಾಗ ಯೋಳು. ನಿಮ್ಮತ್ತೆ ಇನ್ನೊಂದ್ ಸಲ ದೊಡ್ ಮನ್ಸು ಅನ್ಲಿ — ನಾನೇ ಎದ್ದು ಯೋಳ್ತೀನಿ."

ಬರುತ್ತೇನೆ, ರೂಪಾ. ಗಂಡಿನ ಕಡೆಯವರ ಮುಂದೆ, ಮದ್ದೂರಿನವರ ಮುಂದೆ, ನಿನ್ನ ಮಗಳ ಮುಂದೆ ಹೇಳುತ್ತೇನೆ. ಅವರು ನಕ್ಕರೆ ಮತ್ತೆ ಹೇಳುತ್ತೇನೆ. ನನ್ನನ್ನು ಹೊಗಳಲು ಯಾರಾದರೂ ಬಾಯಿ ತೆರೆದರೆ ಅಲ್ಲೇ ತಡೆಯುತ್ತೇನೆ. ನೀನು ನನ್ನ ಕಡೆ ನೋಡಬೇಕಾಗಿಲ್ಲ.