ಬರ್ನರ್ ಉಳಿಸಿ ಅರ್ಧ ತಾಸು ಕಳೆದ ಫೈನಲ್

ಎಂಟೂವರೆ ಸಾವಿರ ರೂಪಾಯಿ. ಡೊಂಬಿವಲಿಯಲ್ಲಿ ಬಾಗಿಲು ಮುಚ್ಚಿದ ಒಂದು ಬಾರಿನ ಪ್ರೊಜೆಕ್ಟರಿಗೆ, ಪರದೆಯೂ ಸೇರಿ, ನಾನು ಕೊಟ್ಟದ್ದು ಅಷ್ಟು. ಬಾರಿನವರು ಹೇಳಿದ್ದು ಹದಿನೆಂಟು. ನಾನು ಬಲ್ಬಿಗೆ ಎಷ್ಟು ವಯಸ್ಸಾಯಿತೆಂದು ಕೇಳಿದೆ, ರಿಮೋಟ್ ಎಲ್ಲಿ ಎಂದು ಕೇಳಿದೆ, ಪರದೆಯ ಮೂಲೆಯಲ್ಲಿದ್ದ ಎಣ್ಣೆಯ ಕಲೆಗೆ ಬೆರಳು ತೋರಿಸಿದೆ, ಆಮೇಲೆ ಬಾಯಿ ಮುಚ್ಚಿ ನಿಂತೆ. ಚೌಕಾಸಿಯಲ್ಲಿ ಬಾಯಿ ಮುಚ್ಚಿ ನಿಲ್ಲುವುದರಷ್ಟು ಲಾಭದ ಮಾತು ಬೇರೆ ಇಲ್ಲ.

ಹಳೆ ಹೋಟೆಲ್ ಸಾಮಾನು ಕೊಂಡು ಮಾರುವುದು ನನ್ನ ಕಸುಬು. ಠಾಣೆಯ ವಾಗ್ಳೆ ಎಸ್ಟೇಟ್ ಕೈಗಾರಿಕಾ ವಸಾಹತಿನಲ್ಲಿ ಒಂದು ಗಾಳೆ ಇದೆ, ಅಂದರೆ ಗೋದಾಮಿನಂಥ ಮಳಿಗೆ. ಅದರ ತುಂಬ ಗ್ರೈಂಡರು, ಸ್ಟೀಲ್ ಕೌಂಟರು, ದೋಸೆ ಕಾವಲಿ. ಕಾರ್ಕಳದ ಕಡೆಯಿಂದ ಠಾಣೆಗೆ ಟೇಬಲ್ ಒರೆಸಲು ಬಂದವನು ನಾನು. ಆ ಟೇಬಲ್‌ಗಳನ್ನೇ ಮಾರುವ ಮಟ್ಟಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಕೊರೊನಾ ವರ್ಷದಲ್ಲಿ ಸಾಲುಸಾಲು ಹೋಟೆಲುಗಳು ಮುಚ್ಚಿದವು. ಅದರಲ್ಲಿ ಖುಷಿಪಡುವಂಥದ್ದು ಏನೂ ಇರಲಿಲ್ಲ, ಆದರೆ ಸಾಮಾನನ್ನು ಯಾರಾದರೂ ಎತ್ತಲೇಬೇಕಲ್ಲ. ಆ ಬಾರಿನಿಂದ ದೊಡ್ಡ ದೋಸೆ ಕಾವಲಿಯೊಂದನ್ನು ಅದರ ಬರ್ನರ್ ಸಮೇತ ಎತ್ತಿದೆ. ಇವೆಲ್ಲ ಮಾರಲಿಕ್ಕೆ. ಪ್ರೊಜೆಕ್ಟರ್ ಮಾತ್ರ ನನಗೆ. ಮೊಬೈಲಿನಲ್ಲಿ ನೋಡಿದರೆ ಫುಟ್‌ಬಾಲ್ ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು. ಗೋಲಾಯಿತೆಂದು ಗೊತ್ತಾಗಬೇಕಾದರೆ ಆಟಗಾರರು ಯಾರನ್ನು ತಬ್ಬಿಕೊಳ್ಳುತ್ತಾರೆ ಎಂದು ನೋಡಬೇಕಾಗಿತ್ತು.

ಅದಕ್ಕೆ ಮೊದಲು ನಾನು ಪಂದ್ಯವನ್ನು ಮೈದಾನದಲ್ಲೇ ನೋಡುತ್ತಿದ್ದವನು. ಠಾಣೆಯಿಂದ ದಾದರ್, ದಾದರಿನಲ್ಲಿ ಲೈನ್ ಬದಲಿಸಿ ಅಂಧೇರಿ. ಅಗ್ಗದ ಸ್ಟ್ಯಾಂಡಿನಲ್ಲಿ ನಿಂತು ಗಂಟಲು ಹರಿಯುವವರೆಗೆ ಕೂಗುವುದು. ಆ ಚಳಿಗಾಲ ಲೋಕಲ್ ಹತ್ತಲು ನಮ್ಮಂಥವರಿಗೆ ಅನುಮತಿಯಿರಲಿಲ್ಲ, ಪಂದ್ಯಗಳನ್ನೆಲ್ಲ ಗೋವಾಕ್ಕೆ ಒಯ್ದು ಖಾಲಿ ಮೈದಾನದಲ್ಲಿ ಆಡಿಸುತ್ತಿದ್ದರು. ದೇಶದ ತಂಡವಂತೂ ವರ್ಷಕ್ಕೂ ಮಿಕ್ಕಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಹಾಗಾಗಿ ಇದ್ದ ಹಸಿವೆಲ್ಲ ಮುಂಬೈ ತಂಡದ ಮೇಲೆಯೇ ಬಿತ್ತು. ಟೀವಿಯಲ್ಲಿ ಜನರ ಗದ್ದಲ ಕೇಳಿ ನಾನು ರೋಮಾಂಚನಗೊಂಡರೆ, ಹನ್ನೆರಡನೇ ಕ್ಲಾಸಿನ ನನ್ನ ಮಗಳು, "ಪಪ್ಪಾ, ಯೇ ಆವಾಜ್ ರೆಕಾರ್ಡೆಡ್ ಹೈ" ಎಂದು ತಣ್ಣೀರು ಎರಚುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವುದು ಅವಳ ಕ್ರಮ. ರೆಕಾರ್ಡೆಡ್ ಆದರೇನು? ನನ್ನ ಮೈಮೇಲೆ ಎದ್ದ ರೋಮ ರೆಕಾರ್ಡೆಡ್ ಅಲ್ಲವಲ್ಲ.

ನೋಡುವುದು ಒಂದು ಕಡೆಗಿರಲಿ, ಆಡುವುದೂ ಇತ್ತು. ಐರೋಳಿಯಲ್ಲಿ ಒಂದು ಟರ್ಫ್. ಬಲೆ ಕಟ್ಟಿದ, ಪ್ಲಾಸ್ಟಿಕ್ ಹುಲ್ಲಿನ ಎರಡು ಅಂಕಣ, ಒಂದು ದೊಡ್ಡದು, ಒಂದು ಚಿಕ್ಕದು. ಪ್ರತಿ ಭಾನುವಾರ ಬೆಳಗ್ಗೆ ಚಿಕ್ಕದರಲ್ಲಿ ನಾವು ಹತ್ತು ಹನ್ನೆರಡು ಜನ ಆಡುತ್ತಿದ್ದೆವು. ಅರ್ಧ ಜನ ನಮ್ಮ ಕರಾವಳಿಯ ಹೋಟೆಲಿನವರು, ಇನ್ನರ್ಧ ವಾಗ್ಳೆ ಎಸ್ಟೇಟಿನಲ್ಲಿ ಲೋಡಿಂಗ್ ಮಾಡುವ ಕಲಬುರಗಿ, ವಿಜಯಪುರದವರು. ಅವರಲ್ಲೊಬ್ಬ ನನ್ನ ಸಾಮಾನು ಎತ್ತಿಳಿಸುವವನು, ಕಲಬುರಗಿಯವನು, ಮೂವತ್ತೈದರ ಆಸುಪಾಸು, ಪಕ್ಕದ ಕಳವಾ ಎಂಬಲ್ಲಿ ಐದು ಜನರ ಜೊತೆ ಒಂದು ರೂಮಿನಲ್ಲಿದ್ದ. ಡಿಫೆನ್ಸಿನಲ್ಲಿ ನಿಂತನೆಂದರೆ ಅವನನ್ನು ದಾಟುವುದೂ ಒಂದೇ, ತುಂಬಿದ ಫ್ರೀಜರನ್ನು ದಾಟುವುದೂ ಒಂದೇ. ಮೊದಲ ಲಾಕ್‌ಡೌನಿನಲ್ಲಿ ಊರಿಗೆ ಹೋದವನನ್ನು ದೀಪಾವಳಿಯ ಹೊತ್ತಿಗೆ ಫೋನ್ ಮಾಡಿ ಕರೆದೆ. ಕೂಲಿ ಎಷ್ಟೆಂದು ಅವನು ಕೇಳಲಿಲ್ಲ.

"ಬರ್ತೀನ್ರಿ ಸೇಠ್ರ. ಐತಾರ ಆಟ ಅದನೋ ಇಲ್ಲೋ, ಮೊದ್ಲ ಅದು ಹೇಳ್ರಿ" ಎಂದ.

ಅದೆ ಎಂದೆ. ಅವನು ಬಂದ, ಅವನ ಹಿಂದೆ ಇನ್ನೂ ನಾಲ್ವರು ಬಂದರು. ಆಟ ನಿಂತರೆ ಅವರು ಒಬ್ಬೊಬ್ಬರಾಗಿ ಪುಣೆಯ ಕಡೆಗೋ ಊರಿಗೋ ಚದುರುವುದು ಖಂಡಿತ ಎಂದು ನನಗೆ ಗೊತ್ತಿತ್ತು. ಇನ್ನೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಆ ವರ್ಷ ವಾರದ ಆರು ದಿನ ನಾನು ಮುಚ್ಚಿದ ಹೋಟೆಲುಗಳೊಳಗೇ ಓಡಾಡುತ್ತಿದ್ದೆ. ಏಳನೇ ದಿನದ ಆ ಎರಡು ತಾಸು ಇಲ್ಲದಿದ್ದರೆ ನಾನೂ ಯಾರ ಲೆಕ್ಕಕ್ಕೂ ಸಿಗದವನಾಗುತ್ತಿದ್ದೆ.

ಟರ್ಫಿನ ಯಜಮಾನರು ಕುಂದಾಪುರದ ಕಡೆಯವರು. ಹರೆಯದಲ್ಲಿ ಹತ್ತು ವರ್ಷ ಕೋಲ್ಕತ್ತದ ಹೋಟೆಲಿನಲ್ಲಿ ದುಡಿದು ಫುಟ್‌ಬಾಲ್ ಹುಚ್ಚನ್ನೂ ಕೋಲ್ಕತ್ತದ ತಂಡವನ್ನೂ ಒಟ್ಟಿಗೇ ಅಂಟಿಸಿಕೊಂಡು ಬಂದವರು. ಫೆಬ್ರವರಿಯ ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಮನೆಮನೆಗೆ ಪಾರ್ಸೆಲ್ ಹಂಚುವ ಕಂಪನಿಯೊಂದು ವ್ಯಾನ್ ನಿಲ್ಲಿಸಲು ಎರಡೂ ಅಂಕಣ ಬೇಕೆನ್ನುತ್ತಿದೆ, ಹುಲ್ಲು ಕಿತ್ತು ಕಾಂಕ್ರೀಟ್ ಹಾಕುತ್ತಾರೆ. ಆಡುವವರು ಬರುವುದೇ ಕಮ್ಮಿಯಾದ ಮೇಲೆ ಹುಲ್ಲು ನೋಡಿಕೊಂಡು ಹೊಟ್ಟೆ ತುಂಬುತ್ತದೆಯೇ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಹೇಳುವಾಗ ಅವರು ಕಾಲಿನಿಂದ ಹುಲ್ಲನ್ನು ಸವರುತ್ತಿದ್ದರು. ಮಾರುವವನು ಸಾಮಾನನ್ನು ಸವರುತ್ತಿದ್ದರೆ ಅವನಿಗೆ ಮಾರಲು ಮನಸ್ಸಿಲ್ಲ ಎಂದರ್ಥ. ನಾನು ಅಲ್ಲಿಗೇ ಕೈಹಾಕಿದೆ: ದೊಡ್ಡದನ್ನು ಕೊಡಿ, ಚಿಕ್ಕದನ್ನು ಒಂದು ವರ್ಷ ಉಳಿಸಿ.

ಎರಡು ವಾರ ಹಿಂದೆಮುಂದೆ ಎಳೆದಾಡಿದೆವು. ಅಷ್ಟರಲ್ಲಿ ನಮ್ಮ ತಂಡ ಫೈನಲ್ ತಲುಪಿತು. ಎದುರಾಳಿ ಯಾರು? ಅವರ ಕೋಲ್ಕತ್ತ. ಫೈನಲ್ ಶನಿವಾರ ಸಂಜೆ, ಕಂಪನಿಗೆ ಸಹಿ ಸೋಮವಾರ. ಯಜಮಾನರ ಕಣ್ಣಿನಲ್ಲಿ ಮಿಂಚು ಬಂತು. ನನ್ನ ಗಾಳೆಯಲ್ಲಿದ್ದ ಆ ದೊಡ್ಡ ಕಾವಲಿಯ ಮೇಲೆ ಅವರಿಗೆ ಮೊದಲಿನಿಂದಲೂ ಆಸೆ. ಟರ್ಫಿನ ಬಾಗಿಲಿನಲ್ಲಿ ದೋಸೆ ಮಾಡಿಸಬೇಕೆಂದಿದ್ದರು.

"ನಿಮ್ಮ ಮುಂಬೈ ಗೆದ್ರೆ ಚಿಕ್ಕದು ಒಂದು ವರ್ಷ ಕಂಪನಿಗೆ ಕೊಡುದಿಲ್ಲ. ಗೆಲ್ದಿದ್ರೆ ಕಾವಲಿ ನಂಗೆ. ದುಡ್ಡು ಕೇಳ್ಬಾರ್ದು."

"ಕಾವಲಿ ಕೊಡ್ವ. ಬರ್ನರ್ ಕೊಡ್ಲಿಕ್ಕಿಲ್ಲ."

"ಬರ್ನರ್ ಇಲ್ಲದ ಕಾವಲಿ ತಕೊಂಡು ಅದ್ರ ಮೇಲೆ ನಿದ್ದೆ ಮಾಡುದಾ ಮಾರಾಯ್ರೆ? ಹಾಗಾದ್ರೆ ಎಕ್ಸ್‌ಟ್ರಾ ಟೈಮ್ ಇಲ್ಲ. ತೊಂಬತ್ತು ನಿಮಿಷದ ಒಳಗೆ ನಿಮ್ಮವ್ರ ಗೆಲುವಿನ ಗೋಲು ಬೀಳ್ಬೇಕು. ಅದ್ರ ಮೇಲೆ ಹೋದ್ರೆ ಕಾವಲಿ ನಂದು."

ಸಮವಾದರೆ ಹೆಚ್ಚಿಗೆ ಆಡಿಸುವ ಅರ್ಧ ತಾಸು ಹೋಗುತ್ತದೆ, ಅಷ್ಟೇ ತಾನೆ ಎಂದು ನಾನು ಮನಸ್ಸಿನಲ್ಲೇ ಗುಣಿಸಿದೆ. ಲೀಗಿನಲ್ಲಿ ಎರಡು ಸಲವೂ ನಾವೇ ಅವರನ್ನು ಸೋಲಿಸಿದ್ದೆವು. ಮೂರನೆಯ ಸಲ ತೊಂಬತ್ತು ನಿಮಿಷ ಧಾರಾಳ ಸಾಕು. ಬರ್ನರಿಗೆ ಬದಲಾಪುರದ ಗಿರಾಕಿಯೊಬ್ಬರು ಆಗಲೇ ಕಾಯುತ್ತಿದ್ದರು. ಆಯಿತು ಎಂದೆ. ಕೈ ಕುಲುಕುವ ಕಾಲವಲ್ಲ, ಮೊಣಕೈಗೆ ಮೊಣಕೈ ತಾಗಿಸಿದೆವು. ಸಂಭ್ರಮದಲ್ಲಿ ಗಾಳೆಗೆ ಬಂದು ಕಲಬುರಗಿಯವನಿಗೆ ಹೇಳಿದರೆ ಅವನು ಹೊತ್ತಿದ್ದ ಗ್ರೈಂಡರನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

"ಬರ್ನರ್ ಸಲುವಾಗಿ ಅರ್ಧ ತಾಸು ಮಾರಿದ್ರೇನ್ರಿ ಸೇಠ್ರ? ಎತ್ತು ಕೊಟ್ಟು ಹಗ್ಗ ಉಳಿಸ್ಕೊಂಡು ಬಂದಂಗ ಆತು."

ಶನಿವಾರ ಸಂಜೆ ಚಿಕ್ಕ ಅಂಕಣದ ಬಲೆಗೆ ಪರದೆ ಬಿಗಿದೆವು. ದೂರದೂರಕ್ಕೆ ಆರು ಕುರ್ಚಿ, ಎಲ್ಲರ ಮೂಗಿನ ಮೇಲೆ ಮಾಸ್ಕ್. ಉಳಿದವರು ತಮ್ಮತಮ್ಮ ರೂಮಿನಲ್ಲಿ. ಮಗಳೂ ಬಂದಿದ್ದಳು, ಅವಳ ಮೊಬೈಲಿನಿಂದಲೇ ಪ್ರೊಜೆಕ್ಟರಿಗೆ ಜೋಡಿಸಿದ್ದಳು. ಹದಿನೆಂಟನೇ ನಿಮಿಷಕ್ಕೆ ಕೋಲ್ಕತ್ತದವರು ಗೋಲು ಹೊಡೆದರು. ಯಜಮಾನರು ಎದ್ದು ಬಲೆಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಂಗಾಳಿಯಲ್ಲಿ ಏನೋ ಹೇಳಿ ಕೂತರು. ನಾನು ಕಾವಲಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ. ಅರ್ಧ ಗಂಟೆಯಾಗುವುದರೊಳಗೆ ಅವರದೇ ಡಿಫೆಂಡರ್ ತಲೆಯಿಂದ ಹಿಂದಕ್ಕೆ ಕೊಟ್ಟ ಚೆಂಡು ಅವರ ಗೋಲ್‌ಕೀಪರನ್ನೇ ದಾಟಿ ಒಳಗೆ ಹೋಯಿತು. ಈಗ ಪ್ರದಕ್ಷಿಣೆಯ ಸರದಿ ನನ್ನದು.

ಆಮೇಲೆ ಏನೂ ಆಗಲಿಲ್ಲ. ಅರವತ್ತು, ಎಪ್ಪತ್ತು, ಎಂಬತ್ತು. ನಮ್ಮವರು ಒಳ್ಳೆಯ ಆಟವನ್ನೇ ಆಡುತ್ತಿದ್ದರು, ಆದರೆ ಆತುರವಿಲ್ಲದೆ ಆಡುತ್ತಿದ್ದರು. ಅವರಿಗೇನು, ಮುಂದೆ ಇನ್ನೂ ಅರ್ಧ ತಾಸಿದೆ, ಪೆನಾಲ್ಟಿ ಇದೆ. ಆ ಅರ್ಧ ತಾಸನ್ನು ಐರೋಳಿಯಲ್ಲಿ ಒಬ್ಬ ಬುದ್ಧಿವಂತ ಮೊದಲೇ ಬಿಟ್ಟುಕೊಟ್ಟಿದ್ದಾನೆಂದು ಅವರಿಗೆ ಯಾರು ಹೇಳಬೇಕು? ನನ್ನ ತಂಡ ಕಪ್ ಎತ್ತಿದರೂ ನನ್ನ ಅಂಕಣಕ್ಕೆ ಕಾಂಕ್ರೀಟ್ ಬೀಳುವ ಹೊತ್ತು ಬಂದಿತ್ತು. ಎಂಬತ್ತೆಂಟು ದಾಟಿದಾಗ ತಡೆಯಲಾಗದೆ ಯಜಮಾನರ ಕುರ್ಚಿಯ ಹತ್ತಿರ ಹೋದೆ. ಬರ್ನರನ್ನೂ ಸೇರಿಸುತ್ತೇನೆ, ಎಕ್ಸ್‌ಟ್ರಾ ಟೈಮ್ ವಾಪಸ್ ಕೊಡಿ ಎಂದೆ.

ಅವರು ಪರದೆಯಿಂದ ಕಣ್ಣು ಕೀಳಲಿಲ್ಲ. "ಈಗ ರೇಟು ಏರಿದೆ ಮಾರಾಯ್ರೆ. ಬರ್ನರಿಗೆ ಹದಿನೈದೇ ನಿಮಿಷ."

ಹದಿನೈದಾದರೆ ಹದಿನೈದು ಎನ್ನಲು ನಾನು ಬಾಯಿ ತೆರೆದಿದ್ದೆ. ಹಿಂದಿನಿಂದ ಕಲಬುರಗಿಯವನು ಅಂಗಿ ಹಿಡಿದೆಳೆದು, "ಸುಮ್ಮ ಕೂಡ್ರಿ, ಇನ್ನ ಆಟ ಮುಗಿದಿಲ್ಲ" ಎಂದ. ಸೇಠನ ಅಂಗಿ ಎಳೆಯುವುದೆಂದರೇನು ಎಂದು ತಿರುಗಿ ಬೈಯುವಷ್ಟರಲ್ಲಿ ಉದ್ದಕ್ಕೆ ಒಂದು ಚೆಂಡು ಬಂತು. ಕೋಲ್ಕತ್ತದ ಗೋಲ್‌ಕೀಪರ್ ಮುಂದೆ ಓಡಿ ಬಂದ, ಚೆಂಡನ್ನು ದೂರ ಮಾಡಲು ಆಗಲಿಲ್ಲ. ನಮ್ಮವನು ಅದನ್ನು ಹಿಡಿದಿಟ್ಟು ಪಕ್ಕಕ್ಕೆ ಜಾರಿಸಿದ, ಪಕ್ಕದವನು ಎತ್ತಿ ಬಾರಿಸಿದ. ಬಲೆ ಅಲುಗಿತು. ಪರದೆಯೊಳಗಿನ ಬಲೆಯೂ, ಪರದೆ ಕಟ್ಟಿದ್ದ ನಮ್ಮ ಬಲೆಯೂ, ಯಾಕೆಂದರೆ ಆ ಹೊತ್ತಿಗೆ ಕಲಬುರಗಿಯವನು ಅದನ್ನು ಹಿಡಿದು ಜೋತಾಡುತ್ತಿದ್ದ. ಮಗಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ಕುಣಿದು ಅದರ ಕಾಲು ಮುರಿದಳು. ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಎದುರಿನ ಕಟ್ಟಡದ ಬಾಲ್ಕನಿಗಳಿಗೆಲ್ಲ ಜನ ಬಂದದ್ದು ನೆನಪಿದೆ.

ಸೀಟಿ ಊದುವವರೆಗಿನ ಇಂಜುರಿ ಟೈಮನ್ನು ನಾನು ನೋಡಲಿಲ್ಲ, ಗೇಟಿನ ಕಡೆ ಮುಖ ಮಾಡಿ ನಿಂತಿದ್ದೆ. ಸೀಟಿಯಾದ ಮೇಲೆ ಯಜಮಾನರು ಕೊನೆಯ ಆಟ ಆಡಿದರು. ಗೋಲಿನ ಮುಂದೆ ತೊಂಬತ್ತು ಎಂದು ಬರೆದಿದ್ದಾರೆ, ಅಂದರೆ ತೊಂಬತ್ತರಲ್ಲಿ ಆದದ್ದು, ತೊಂಬತ್ತರ ಒಳಗಲ್ಲ ಎಂದರು. ತೊಂಬತ್ತನೇ ನಿಮಿಷ ನಡೆಯುತ್ತಿದೆ ಎಂದರೆ ತೊಂಬತ್ತು ತುಂಬಿಲ್ಲ ಎಂದರ್ಥ ಎಂದು ನಾನು ವಾದಿಸಿದೆ. ಅಷ್ಟರಲ್ಲಿ ಮಗಳು ಮೊಬೈಲ್ ಎತ್ತಿಕೊಂಡಳು. ಆ ಗೋಲನ್ನು ಹಿಂದಕ್ಕೆ ಓಡಿಸಿ, ಮೂಲೆಯ ಗಡಿಯಾರ ಕಾಣುವಲ್ಲಿ ನಿಲ್ಲಿಸಿದಳು.

"ಅಂಕಲ್, ದೇಖೋ ನಾ. ಅಭೀ ನಬ್ಬೇ ಹುವಾ ಹೀ ನಹೀಂ."

ಅವರು ಹತ್ತಿರ ಹೋಗಿ, ಕನ್ನಡಕ ಒರೆಸಿ, ಓದಿದರು: ಎಂಬತ್ತೊಂಬತ್ತು ಮತ್ತು ಚಿಲ್ಲರೆ, ತೊಂಬತ್ತು ಇನ್ನೂ ತುಂಬಿರಲಿಲ್ಲ. "ಆಯ್ತು ಮಗಾ. ಮಾತು ಮಾತೇ" ಎಂದರು. ಸೋಮವಾರ ದೊಡ್ಡ ಅಂಕಣಕ್ಕೆ ಮಾತ್ರ ಸಹಿ ಬಿತ್ತು. ಕಾವಲಿಯನ್ನು ಬರ್ನರ್ ಸಮೇತ ಅವರಿಗೇ ಮಾರಿದೆ, ನ್ಯಾಯವಾದ ಬೆಲೆಗೆ. ಬದಲಾಪುರದವರಿಗೆ ಬೇರೆ ಹುಡುಕಿಕೊಟ್ಟೆ.

ಆ ತಿಂಗಳ ಕೊನೆಗೆ ದೇಶದ ತಂಡ ದುಬೈಯಲ್ಲಿ ಆರು ಗೋಲು ತಿಂದಿತು. ಕೊನೆಯ ನಿಮಿಷದವರೆಗೂ ನೋಡಿದೆವು. ಅಷ್ಟು ದಿನ ಆಡದೇ ಇದ್ದದ್ದಕ್ಕಿಂತ ತಿಂದದ್ದು ವಾಸಿ ಎನಿಸಿತು. ನಿಜವಾದ ಪೆಟ್ಟು ಬಿದ್ದದ್ದು ಏಪ್ರಿಲಿನಲ್ಲಿ. ಮತ್ತೆ ಎಲ್ಲ ಬಂದ್, ಟರ್ಫಿಗೂ ಬೀಗ. ನನ್ನ ಒಂದು ವರ್ಷ ಬೀಗದ ಹಿಂದೆಯೇ ಕರಗತೊಡಗಿತು. ಬಂದ್ ಆದ ದಿನಗಳು ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿಸಿಕೊಳ್ಳಬೇಕಿತ್ತು. ಒಂದು ಬೇಸಿಗೆ ಪೂರ್ತಿ ಲಾಕ್‌ಡೌನ್ ತಿಂದವನಿಗೆ ಅದೊಂದು ಮಾತು ಹೊಳೆಯಲಿಲ್ಲ, ನೋಡಿ. ಯಜಮಾನರಿಗೆ ಫೋನ್ ಮಾಡಿದರೆ, ಮಾರ್ಚ್‌ನಿಂದ ಮಾರ್ಚ್, ಅಷ್ಟೇ ಎಂದರು.

ನಾಲ್ಕು ಸಲ ಫೋನ್ ಮಾಡಿದೆ. ಐದನೇ ಸಲ ಕೇಳುವುದನ್ನು ನಿಲ್ಲಿಸಿ, ನಾನೇ ಏನಾದರೂ ಕೊಡಲು ಹೊರಟೆ. ಬೀಗ ತೆಗೆದ ದಿನದಿಂದ ವಾರದ ನಡುವೆ ಆಡುವ ಒಂದು ತಂಡ ತರುತ್ತೇನೆ, ಪ್ರತಿಯಾಗಿ ಗೇಟು ತೆರೆದ ದಿನಗಳನ್ನಷ್ಟೇ ಎಣಿಸಿ ಎಂದೆ. ತಂಡ ಎಲ್ಲಿಂದ ಎಂದು ಕೇಳಿದರು. ಆಗ ನನಗೂ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಬೀಗ ತೆಗೆದಾಗ ಅದು ಪಕ್ಕದಲ್ಲೇ ಸಿಕ್ಕಿತು: ದೊಡ್ಡ ಅಂಕಣದಲ್ಲಿ ವ್ಯಾನ್ ನಿಲ್ಲಿಸುವ ಡ್ರೈವರುಗಳು, ಮಧ್ಯಾಹ್ನ ಪಾರ್ಸೆಲ್ ಬರುವವರೆಗೆ ಬಲೆಗೆ ಮುಖ ಒತ್ತಿಕೊಂಡು ನಿಂತಿರುತ್ತಿದ್ದವರು. ಅವರಿಗೆ ಅರ್ಧ ದರ ಮಾಡಿಸಿದೆ, ಯಜಮಾನರೂ ಗೇಟು ತೆರೆದ ದಿನಗಳನ್ನಷ್ಟೇ ಎಣಿಸಲು ಒಪ್ಪಿದರು. ಅವರು ಇಂದಿಗೂ ಆಡುತ್ತಾರೆ, ವರ್ಷಗಳು ಕಳೆದರೂ ಯಜಮಾನರು ಚಿಕ್ಕದನ್ನು ಕೊಡುವ ಮಾತೆತ್ತಿಲ್ಲ. ಬೀಗ ತೆಗೆದ ಮೇಲಿನ ಮೊದಲ ಭಾನುವಾರ ಕಲಬುರಗಿಯವನು ನನ್ನ ಕಾಲಿನಿಂದ ಚೆಂಡು ಕಸಿದ ಪೆಟ್ಟಿಗೆ ನಾನು ಒದ್ದೆ ಹುಲ್ಲಿನ ಮೇಲೆ ಎರಡು ಮಾರು ಜಾರಿದೆ. ಅಷ್ಟು ಸುಖ ಬೇರೆ ಯಾವ ವ್ಯಾಪಾರದಲ್ಲೂ ಕಂಡಿಲ್ಲ.

ಈಗ ನಿಮಗೆ ಹೇಳುವುದಿಷ್ಟು. ನಾಲ್ಕು ಜನ ಸೇರಿ ಟರ್ಫ್ ಹಿಡಿಯುವುದಾದರೆ ಸೀವುಡ್ಸ್ ಕಡೆ ಹೋಗಬೇಡಿ, ಅಲ್ಲಿ ಮಾಲ್ ಕಟ್ಟಿದ ಸ್ಟೇಷನ್ನಿನ ಹೊಳಪಿಗೂ ಬಾಡಿಗೆ ಹಾಕುತ್ತಾರೆ; ಐರೋಳಿ, ಕಲ್ಯಾಣದ ಒಳಗಲ್ಲಿಗಳಲ್ಲಿ ಹುಡುಕಿ. ಬೆಳಗ್ಗೆ ಏಳಕ್ಕೆ ಮೊದಲಿನ ಹೊತ್ತು ಕೇಳಿ, ಅದಕ್ಕೆ ಗಿರಾಕಿ ಇರುವುದಿಲ್ಲ. ದುಡ್ಡನ್ನು ತಿಂಗಳಿಗೆ ಕೊಡಿ, ಮಾತನ್ನು ವರ್ಷಕ್ಕೆ ತೆಗೆದುಕೊಳ್ಳಿ. ಮಳೆ, ಬಂದ್, ಲೈಟ್ ಹೋದದ್ದು, ಇವು ಯಾರ ಪಾಲಿಗೆಂದು ಮೊದಲ ದಿನವೇ ಮೊಬೈಲಿನಲ್ಲಿ ಬರೆದು ಕಳಿಸಿ, ಅವರಿಂದ "ಓಕೆ" ಎಂದು ಬರೆಸಿಕೊಳ್ಳಿ. ಅಂಕಣ ಖಾಲಿ ಬಿದ್ದಿರುವ ಹೊತ್ತಿಗೆ ಆಡುವವರನ್ನು ನೀವೇ ಹುಡುಕಿಕೊಡಿ; ದರ ಇಳಿಸಿ ಎಂದು ಹತ್ತು ಸಲ ಕೇಳುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ಪಂದ್ಯದ ಮೇಲೆ ಪಂತ ಕಟ್ಟಲೇಬೇಡಿ. ಕಟ್ಟಿಯೇ ಕಟ್ಟುತ್ತೀರಾದರೆ, ಪೆನಾಲ್ಟಿಯವರೆಗೂ ಸೇರಿಸಿ ಕಟ್ಟಿ.