ತೊಕುಜಿಗೆ ಸಂದ ಮರ್ಯಾದೆ

ಒಸಾಕಾದ ಕಾಮಗಸಾಕಿಯಲ್ಲಿ ದಿನಗೂಲಿಯವರಿಗೆ ಅಗ್ಗದ ಕೋಣೆ ಬಾಡಿಗೆಗೆ ಕೊಡುವವಳು ನಾನು. ಬೀದಿಯಲ್ಲಿ ಮಲಗುವವರನ್ನೂ ಕಂಡಿದ್ದೇನೆ, ಅವರನ್ನು ಅಧ್ಯಯನ ಮಾಡುವವರನ್ನೂ ಕಂಡಿದ್ದೇನೆ. ಈಚೆಗೆ ಎರಡನೆಯವರ ಕಾಟವೇ ಹೆಚ್ಚು.

ತೊಕುಜಿ ಬೀದಿಯವನು. ಕಟ್ಟಡದ ಕೆಲಸದಲ್ಲಿ ಸೊಂಟ ಹೋದ ಮೇಲೆ ಅಂಗಡಿಸಾಲಿನ ಸೂರಿನಡಿ ರಟ್ಟು ಹಾಸಿ ಮಲಗುತ್ತಿದ್ದ. ಸರ್ಕಾರದ ನೆರವು ಕೇಳಿದರೆ ಕೋಣೆ ಸಿಗುತ್ತಿತ್ತು. ಆದರೆ ಅರ್ಜಿ ಹಾಕಿದೊಡನೆ ಕಚೇರಿಯವರು 'ಇವನನ್ನು ನೀವೇ ಸಾಕುತ್ತೀರಾ?' ಎಂದು ಒಡಹುಟ್ಟಿದವರಿಗೆ ಬರೆದು ಕೇಳುತ್ತಾರೆ. ದೂರದ ಶಿಮಾನೆಯಲ್ಲಿದ್ದ ಅಕ್ಕ ಇವನಿನ್ನೂ ಮೇಸ್ತ್ರಿಯೆಂದೇ ನಂಬಿದ್ದಳು. ಹೊಸವರ್ಷಕ್ಕೆ ಅವನಿಗೆ ಅವಳ ಶುಭಾಶಯಪತ್ರ ನನ್ನ ವಿಳಾಸಕ್ಕೆ ಬರುತ್ತಿತ್ತು. ಅದಕ್ಕಾಗಿಯೇ ಬದುಕಿದ್ದನೋ ಏನೋ, ಪುಣ್ಯಾತ್ಮ.

ಆಗ ಬಂದರು ವಿಶ್ವವಿದ್ಯಾಲಯದ ಮಿನೆಗಿಶಿ ಮೇಡಂ. ಸಮುದಾಯ ಮನಶ್ಶಾಸ್ತ್ರದವರು. ವಸತಿಹೀನರಿಗೆ ಏನು ಬೇಕೆಂದು ವಸತಿಹೀನರನ್ನೇ ಕೇಳಬೇಕು ಎಂಬುದನ್ನು ಬಹಳ ಓದಿ ಕಂಡುಹಿಡಿದಿದ್ದರು. ತೊಕುಜಿಯನ್ನು ಸಭೆಗೆ ಕರೆದು, ಕುರ್ಚಿ ಕೊಟ್ಟು, 'ಅನುಭವತಜ್ಞ' ಎಂದು ಬಿರುದನ್ನೂ ಕೊಟ್ಟರು.

"ನಮ್ಮಕ್ಕಂಗೆ ಮಾತ್ರ ತಿಳಿಸ್ಬೇಡಿ. ಅಷ್ಟಾದ್ರೆ ನಾಳೇನೇ ಅರ್ಜಿ ಹಾಕ್ತೀನಿ" ಎಂದ ತಜ್ಞ.

ಆ ಮಾತೇ ಮೇಡಂ ಬರೆದ ವರದಿಯ ಮೊದಲ ಶಿಫಾರಸಾಯಿತು. ಕಚೇರಿಯೂ ಒಪ್ಪಿತು. ತೊಕುಜಿಗೆ ಕೋಣೆ ಸಿಕ್ಕಿತು. ಖುಷಿಗೆ ನನ್ನ ಹಳೆಯ ಅನ್ನದ ಕುಕ್ಕರ್ ಕೊಟ್ಟು ಕಳಿಸಿದೆ.

ವರ್ಷದ ಕೊನೆಗೆ ಉಪಕಾರ ಮಾಡಿದವರಿಗೆ ತಿನಿಸಿನ ಪೆಟ್ಟಿಗೆ ಕಳಿಸದವರನ್ನು ನಮ್ಮಲ್ಲಿ ಮನುಷ್ಯರೆನ್ನುವುದಿಲ್ಲ. ಮೇಡಂ ಮರ್ಯಾದಸ್ಥರು. ಮನೆಯವರೂ ಹೆಮ್ಮೆಪಡಲಿ ಎಂದು ಪೆಟ್ಟಿಗೆಯನ್ನು ಅಕ್ಕನಿಗೇ ಕಳಿಸಿಬಿಟ್ಟರು. ಅಕ್ಕನ ಗಂಡನ ಅಂಗಡಿ ಎಲ್ಲಿದೆಯೆಂದು ತೊಕುಜಿಯೇ ಹಿಂದೆ ಮಾತಿನ ನಡುವೆ ಜಂಬದಿಂದ ಹೇಳಿಕೊಂಡಿದ್ದ. ಜೊತೆಗೊಂದು ಒಕ್ಕಣೆ: 'ವಸತಿಹೀನರ ಅಧ್ಯಯನಕ್ಕೆ ನಿಮ್ಮ ತಮ್ಮನವರು ಧಾರೆಯೆರೆದ ಅಮೂಲ್ಯ ಅನುಭವಕ್ಕೆ ಕೃತಜ್ಞತೆಗಳು.'

ಅಕ್ಕನೂ ಮರ್ಯಾದಸ್ಥಳೇ. ಪದ್ಧತಿಯಂತೆ ಮೇಡಂಗೆ ಮರುಕಾಣಿಕೆಯಾಗಿ ಟವೆಲ್ಲುಗಳನ್ನು ಕಳಿಸಿದಳು. ತೊಕುಜಿಗೆ ಆ ಹೊಸವರ್ಷ ಏನೂ ಬರಲಿಲ್ಲ. ಫೋನ್ ಮಾಡಿದರೆ ಭಾವ ಎತ್ತಿ, "ಆ ಹೆಸರಿನವ್ರು ನಮಗ್ಯಾರೂ ಇಲ್ಲ" ಎಂದನಂತೆ.

ಒಂದು ದಿನ ಮೇಡಂ ಅವನ ಕೋಣೆಗೆ ಬಂದರು. ನಾನೂ ಅಲ್ಲೇ ಇದ್ದೆ.

"ನಿಮ್ಮಕ್ಕ ಟವೆಲ್ ಕಳ್ಸಿದಾರೆ, ತೊಕುಜಿಯವ್ರೇ. ಎಷ್ಟು ಒಳ್ಳೆ ಮನೆತನ! ರೂಮು ಹೇಗಿದೆ, ತೃಪ್ತಿ ಇದೆಯಾ?"

ನನಗೆ ಮೈಯೆಲ್ಲ ಉರಿಯಿತು. ತೊಕುಜಿ ಮಾತ್ರ ಮೆಲ್ಲಗೆ ಹೇಳಿದ: "ಬೀದೀಲಿದ್ದಾಗ ನಂಗೊಬ್ಳು ಅಕ್ಕ ಇದ್ಲು, ಮೇಡಂ."

ಮೇಡಂ ಬೆಚ್ಚಿದರು. ಕಣ್ಣು ನಿಜವಾಗಿಯೂ ತುಂಬಿಬಂತು. ಆಮೇಲೆ ಚೀಲದಿಂದ ಪೆನ್ನು ತೆಗೆದರು.

"ಈ ಮಾತನ್ನ ಮುಂದಿನ ವರದೀಲಿ ಹಾಕ್ಕೊಳ್ಲಾ? ನಿಮ್ಮ ವಿಷ್ಯ ಯಾರಿಗೂ ಗೊತ್ತಾಗಲ್ಲ."